ಸೈಕಲ್ ಸವಾಲು–ಜವಾಬು: ಕಡಿಮೆ ರೊಕ್ಕದಲ್ಲಿ ಮೊದಲ ರೋಡ್ ಬೈಕ್

ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೇಳಿದ್ದು ಒಂದೇ ಮಾತು: ಬಾಗಿದ ಹ್ಯಾಂಡಲಿನ ರೋಡ್ ಬೈಕ್ ತಗೋಬೇಕು, ಕೈಯಲ್ಲಿ ರೊಕ್ಕ ಕಡಿಮೆ, ಏನು ನೋಡಿ ತಗೊಳ್ಳೋದು? ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಬೆಲೆಗಳೆಲ್ಲ ಅಂದಾಜಿನವು, ಅಂಗಡಿಯಿಂದ ಅಂಗಡಿಗೆ ಹೆಚ್ಚುಕಡಿಮೆ ಆಗುತ್ತವೆ.

ಪ್ರಶ್ನೆ: ನಮಸ್ಕಾರ್ರಿ. ಇಂಜಿನಿಯರಿಂಗ್ ಎರಡನೇ ವರ್ಷ ಓದುತ್ತಿದ್ದೇನೆ. ಎಲ್ಲ ಸೇರಿ ಇರುವುದು 30 ಸಾವಿರ. ರವಿವಾರ ಮಳಖೇಡ, ದೇವಲ ಗಾಣಗಾಪುರ ಕಡೆ ಹೋಗಿಬರುವ ಆಸೆ. ಒಂದು ಅಂಗಡಿಯಲ್ಲಿ 18 ಸಾವಿರಕ್ಕೆ 21 ಗೇರು, ಎರಡೂ ಗಾಲಿಗೆ ಡಿಸ್ಕ್ ಬ್ರೇಕು ಇರುವ 'ರೇಸಿಂಗ್' ಸೈಕಲ್ ತೋರಿಸಿದರು. ಇನ್ನೊಂದು ಕಡೆ 26 ಸಾವಿರಕ್ಕೆ ಬರೀ 7 ಗೇರು, ಡಿಸ್ಕ್ ಇಲ್ಲ. ಬೆಲೆ ಜಾಸ್ತಿ ಇರೋದಕ್ಕೆ ಗೇರು ಕಡಿಮೆ ಯಾಕ್ರಿ? ಯಾವುದು ತಗೊಳ್ಳಲಿ?
— ವಿದ್ಯಾರ್ಥಿ, ಸೇಡಂ ರಸ್ತೆ, ಕಲಬುರಗಿ

ಉತ್ತರ: ಎರಡರಲ್ಲಿ 26 ಸಾವಿರದ್ದೇ. ಆದರೆ ಮೊದಲು ರೊಕ್ಕದ ಲೆಕ್ಕ ಆಗಲಿ. 30 ಸಾವಿರವನ್ನೂ ಸೈಕಲ್ಲಿಗೇ ಸುರಿದರೆ ಮೊದಲ ಪಂಚರಿಗೇ ಮನೆಯಲ್ಲಿ ನಿಲ್ಲಿಸಬೇಕಾಗುತ್ತದೆ. ಹೆಲ್ಮೆಟ್ಟಿಗೆ 1,200 ರೂಪಾಯಿ, ಮೀಟರ್ ಇರುವ ನೆಲದ ಪಂಪಿಗೆ 1,300, ಎರಡು ಟ್ಯೂಬಿಗೆ 700, ಟಾಯರ್ ಬಿಚ್ಚುವ ಪ್ಲಾಸ್ಟಿಕ್ ಲಿವರು, ಪಂಚರ್ ಕಿಟ್ಟು, ಅಲೆನ್ ಕೀ ಸೇರಿ 500, ಹಿಂದೆ-ಮುಂದೆ ದೀಪಕ್ಕೆ 800, ಬೀಗಕ್ಕೆ 500. ಐದು ಸಾವಿರ ಇಲ್ಲೇ ಹೋಯಿತು. ಉಳಿದದ್ದು ಸೈಕಲ್ಲಿಗೆ. ಒಂದು ಸಾವಿರ ಚೌಕಾಸಿ ಮಾಡಿ. ಆಗದಿದ್ದರೆ ಇಬ್ಬರು ಮೂವರು ಗೆಳೆಯರು ಕೂಡಿ ಒಂದೇ ನೆಲದ ಪಂಪ್ ತಗೊಳ್ಳಿ. ಹೆಲ್ಮೆಟ್ ಮಾತ್ರ ಮುಂದಕ್ಕೆ ಹಾಕಬೇಡಿ.

ಈಗ ಗೇರಿನ ಮಾತು. 21 ಗೇರು ಎಂದರೆ ಮುಂದೆ 3 ಹಲ್ಲುಚಕ್ರ, ಹಿಂದೆ 7, ಗುಣಿಸಿ 21. ಅದರಲ್ಲಿ ಅರ್ಧದಷ್ಟು ಒಂದರ ಮೇಲೊಂದು ಬೀಳುತ್ತವೆ. ಮುಂದಿನ ದೊಡ್ಡದು–ಹಿಂದಿನ ದೊಡ್ಡದು, ಮುಂದಿನ ಚಿಕ್ಕದು–ಹಿಂದಿನ ಚಿಕ್ಕದು ಹಾಕಿದರೆ ಚೈನು ಓರೆಯಾಗಿ ಎಳೆದು ಬೇಗ ಸವೆಯುತ್ತದೆ, ಹಾಗಾಗಿ ಅವನ್ನು ಬಳಸುವಂತೆಯೂ ಇಲ್ಲ. ನೋಡಬೇಕಾದದ್ದು ಎಷ್ಟು ಗೇರು ಎಂದಲ್ಲ, ಅತಿ ಹಗುರದ್ದು ಎಷ್ಟು ಹಗುರ, ಅತಿ ಭಾರದ್ದು ಎಷ್ಟು ಭಾರ ಎಂದು. 7 ಗೇರಿನದರಲ್ಲಿ ಮುಂದೆ 44 ಹಲ್ಲು, ಹಿಂದೆ 14ರಿಂದ 28 ಇದೆ ಎನ್ನೋಣ. ನಿಮಿಷಕ್ಕೆ 80 ಸುತ್ತು ಪೆಡಲ್ ತುಳಿದರೆ 44–28ರಲ್ಲಿ ತಾಸಿಗೆ ಸುಮಾರು 16 ಕಿ.ಮೀ, 44–16ರಲ್ಲಿ ಸುಮಾರು 28 ಕಿ.ಮೀ ಹೋಗುತ್ತೀರಿ. ಕಲಬುರಗಿ ಸುತ್ತಲಿನ ಬಯಲಿಗೆ ಇಷ್ಟು ಸಾಕು. ಉದ್ದನೆಯ ಏರು ಬಂದರೆ 44–28 ಭಾರವೇ. ಮುಂದೆ 50 ಮತ್ತು 34, ಹಿಂದೆ 11ರಿಂದ 32 ಇರುವ ಸೈಕಲ್ಲಿನಲ್ಲಿ ಅದೇ 80 ಸುತ್ತಿಗೆ ಅತಿ ಹಗುರದ ಗೇರಿನಲ್ಲಿ ತಾಸಿಗೆ 11 ಕಿ.ಮೀ ಹೋಗಬಹುದು, ಮೊಣಕಾಲಿಗೆ ಹೊರೆ ಬೀಳದು. ಬೀದರಿನವರು ಇದನ್ನು ಗಮನದಲ್ಲಿಡಲಿ. ಕೋಟೆಯ ಕೆಳಗಿನ ಮಾಂಜ್ರಾ ಬಯಲಿಗೆ ಇಳಿಯುವಾಗ ಗೊತ್ತಾಗದ್ದು ವಾಪಸು ಏರುವಾಗ ಗೊತ್ತಾಗುತ್ತದೆ.

18 ಸಾವಿರದ ಸೈಕಲ್ಲಿನಲ್ಲಿ ಡಿಸ್ಕು, 21 ಗೇರು ಹಾಕಿಯೂ ಅಷ್ಟು ಕಡಿಮೆಗೆ ಹೇಗೆ ಕೊಡುತ್ತಾರೆ? ಕಣ್ಣಿಗೆ ಕಾಣದ ಕಡೆ ಕೈ ಬಿಗಿ ಹಿಡಿದಿರುತ್ತಾರೆ. ಚೌಕಟ್ಟು ಸಾದಾ ಸ್ಟೀಲಿನದು, ತೂಕ 15ರಿಂದ 17 ಕಿಲೋ. ಒಳ್ಳೆಯ ಅಲಾಯ್ (ಅಲ್ಯುಮಿನಿಯಂ) ರೋಡ್ ಬೈಕು 10–11 ಕಿಲೋದಲ್ಲಿ ಸಿಗುತ್ತದೆ. ಈ ಬೆಲೆಯ ಕೇಬಲ್ ಡಿಸ್ಕಿನಲ್ಲಿ ಒಂದೇ ಕಡೆಯ ಪ್ಯಾಡು ಚಲಿಸಿ ಡಿಸ್ಕನ್ನು ಇನ್ನೊಂದರ ಮೇಲೆ ಒತ್ತುತ್ತದೆ; ವಾರಕ್ಕೊಮ್ಮೆ ಸರಿಮಾಡದಿದ್ದರೆ ಒಂದೋ ಉಜ್ಜುತ್ತದೆ, ಇಲ್ಲವೆ ಹಿಡಿಯುವುದಿಲ್ಲ. ಪ್ಯಾಡಿನ ಆಕಾರವೂ ಕಂಪನಿಗೊಂದು. ಸವೆದ ಮೇಲೆ ಅದೇ ಆಕಾರದ್ದು ಊರಲ್ಲಿ ಸಿಗುವುದು ಕಷ್ಟ. ರಿಮ್ಮು ಹಿಡಿಯುವ ಬ್ರೇಕಿನ ರಬ್ಬರು 200–300 ರೂಪಾಯಿಗೆ ಬರುತ್ತದೆ, ಹತ್ತು ನಿಮಿಷದಲ್ಲಿ ನೀವೇ ಬದಲಿಸಬಹುದು.

ಅಂಗಡಿಯವರಿಗೆ ಕೇಳಲೇಬೇಕಾದ ಪ್ರಶ್ನೆ ಮೂರು. ಹಿಂದಿನ ಗಾಲಿಯಲ್ಲಿರುವುದು ಫ್ರೀವ್ಹೀಲೋ ಕ್ಯಾಸೆಟ್ಟೋ? ಎರಡೂ ಹಿಂದಿನ ಹಲ್ಲುಚಕ್ರಗಳ ಗೊಂಚಲೇ. ಫ್ರೀವ್ಹೀಲು ಹಬ್ಬಿನ (ಗಾಲಿಯ ನಡುಭಾಗದ) ಮೇಲೆ ಮರೆಯಲ್ಲಿ, ಅಂದರೆ ತಿರುಪಿನ ಗೆರೆಯಲ್ಲಿ, ತಿರುಗಿಸಿ ಕೂಡಿಸುವಂಥದ್ದು; ಕ್ಯಾಸೆಟ್ಟು ಹಬ್ಬಿನ ಮೇಲೆ ಜಾರಿಸಿ ಕೂಡಿಸುವಂಥದ್ದು. ಫ್ರೀವ್ಹೀಲಿನದರಲ್ಲಿ ಬಲಗಡೆಯ ಬೇರಿಂಗು ಒಳಗೆ ಸರಿದಿರುತ್ತದೆ, ಆಸರೆಯಿಲ್ಲದ ಆಕ್ಸಲ್ ಉದ್ದ ಉಳಿಯುತ್ತದೆ. ಭಾರದ ಸವಾರ, ತಗ್ಗುದಿಣ್ಣೆಯ ರಸ್ತೆ ಎರಡೂ ಸೇರಿದರೆ ಆಕ್ಸಲ್ ಬಾಗುತ್ತದೆ, ಒಮ್ಮೊಮ್ಮೆ ಮುರಿಯುತ್ತದೆ. ಕ್ಯಾಸೆಟ್ ಹಬ್ಬಿನಲ್ಲಿ ಬೇರಿಂಗು ಹೊರತುದಿಯಲ್ಲಿರುವುದರಿಂದ ಆ ಕಾಟ ಕಡಿಮೆ. 7 ಗೇರಿನ ಸೈಕಲ್ಲುಗಳಲ್ಲಿ ಬಹುಪಾಲು ಫ್ರೀವ್ಹೀಲೇ. 60–65 ಕಿಲೋದವರಿಗೆ ನಡೆಯುತ್ತದೆ. 80 ದಾಟಿದವರು ಕ್ಯಾಸೆಟ್ಟಿಗೇ ಪಟ್ಟು ಹಿಡಿಯುವುದು ವಾಸಿ. ಮುಂದೆ 8 ಅಥವಾ 9 ಗೇರಿನ ಕ್ಯಾಸೆಟ್ಟಿಗೆ ಹೋಗಬೇಕೆಂದರೆ ಫ್ರೀವ್ಹೀಲ್ ಹಬ್ಬಿಗೆ ಅದು ಕೂಡುವುದಿಲ್ಲ, ಹಿಂದಿನ ಗಾಲಿಯನ್ನೇ ಬದಲಿಸಬೇಕು.

ಎರಡನೆಯದು, ಚೌಕಟ್ಟಿನಲ್ಲೂ ಫೋರ್ಕಿನಲ್ಲೂ (ಮುಂದಿನ ಗಾಲಿ ಹಿಡಿಯುವ ಕವಲು) 28 ಅಥವಾ 32 ಮಿ.ಮೀ ಟಾಯರಿಗೆ ಜಾಗ ಇದೆಯೇ? ಸಿಮೆಂಟ್ ಲಾರಿ ಓಡಾಡುವ ಸೇಡಂ ದಾರಿಗೆ 23ರ ತೆಳು ಟಾಯರ್ ಹಾಕಿಕೊಂಡು ಹೋದರೆ ಕೈ, ಬೆನ್ನು ಎರಡೂ ಹಣ್ಣಾಗುತ್ತವೆ. ಮೂರನೆಯದು, ಗೇರ್ ಬದಲಿಸುವ ಲಿವರು ಬ್ರೇಕಿನ ಜೊತೆಯಲ್ಲೇ ಇದೆಯೇ, ಇಲ್ಲಾ ಹ್ಯಾಂಡಲಿನ ನಡುವೆ ಬೇರೆ ಇದೆಯೇ? ಬೇರೆ ಇದ್ದರೆ ಪ್ರತಿ ಸಲ ಕೈ ತೆಗೆಯಬೇಕು, ಸಂತೆಯ ದಿನ ರಸ್ತೆಯಲ್ಲಿ ಅದು ತೊಂದರೆ.

ಶಿಮಾನೊ ಕಂಪನಿಯ ರೋಡ್ ಗೇರುಗಳ ಮೆಟ್ಟಿಲು ಗೊತ್ತಿದ್ದರೆ ಮಾತಿಗೆ ಮರುಳಾಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ, ಹಿಂದಿನ ಗೇರಿನ ಸಂಖ್ಯೆಯ ಜೊತೆ: ಟೂರ್ನಿ 7, ಕ್ಲಾರಿಸ್ 8, ಸೋರಾ 9, ಟಿಯಾಗ್ರಾ 10, ಅದರ ಮೇಲೆ '105' ಎಂಬ ಹೆಸರಿನದು. ಕ್ಲಾರಿಸ್ ಹಾಕಿದ ಹೊಸ ಸೈಕಲ್ ಸಾಮಾನ್ಯವಾಗಿ 40 ಸಾವಿರ ದಾಟುತ್ತದೆ. ನಿಮ್ಮ ರೊಕ್ಕಕ್ಕೆ ಅದು ಸಿಗುವುದು ಸೆಕೆಂಡ್ ಹ್ಯಾಂಡಿನಲ್ಲಿ. ಅದರ ಮಾತು ಮುಂದಿನ ಪತ್ರದಲ್ಲಿದೆ. 8 ಗೇರಿನ ಚೈನು ಅಗ್ಗ, ಸ್ವಲ್ಪ ಅಡ್ಡಾದಿಡ್ಡಿ ಹೊಂದಿಸಿದ್ದರೂ ಸಹಿಸಿಕೊಳ್ಳುತ್ತದೆ. ಬಜೆಟ್ ಬಿಗಿ ಇದ್ದವರಿಗೆ ಕ್ಲಾರಿಸ್ಸಿಗಿಂತ ಮೇಲಕ್ಕೆ ಹೋಗುವ ಜರೂರಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ಹೈದರಾಬಾದಿನಲ್ಲಿ ಒಬ್ಬರು ನಾಲ್ಕು ವರ್ಷದ ಸೋರಾ ಗೇರಿನ ಅಲಾಯ್ ಸೈಕಲ್ 24 ಸಾವಿರಕ್ಕೆ ಮಾರುತ್ತಿದ್ದಾರೆ, ಫೋರ್ಕ್ ಕಾರ್ಬನ್ನಿನದು. ಫೋಟೋದಲ್ಲಿ ಹೊಸದರಂತೆ ಕಾಣುತ್ತದೆ. ಹೋಗಿ ಏನೇನು ನೋಡಬೇಕು? ಬೀದರಿಗೆ ತರುವುದು ಹೇಗೆ?
— ಬ್ಯಾಂಕ್ ನೌಕರ, ಬೀದರ್

ಉತ್ತರ: ಹೋಗುವಾಗ ಸ್ಟೀಲ್ ಟೇಪು, 4, 5, 6 ಮಿ.ಮೀ ಅಲೆನ್ ಕೀ, ಒಂದು ಹಳೆ ಬಟ್ಟೆ, ಮೊಬೈಲಿನ ಟಾರ್ಚು ಇರಲಿ. ಬೆಳಕಿದ್ದಾಗಲೇ ಹೋಗಿ. ಮೊದಲು ಕೊಳೆ ಒರೆಸಿ, ಬಣ್ಣ ನೋಡಿ. ಹ್ಯಾಂಡಲ್ ಕೂಡುವ ಕೊಳವೆಯ ಹಿಂದುಗಡೆ, ಕೆಳಕೊಳವೆಯ ತಳದಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಉಬ್ಬಿದ್ದರೆ ಮುಂದಿನಿಂದ ಎಲ್ಲಿಗೋ ಗುದ್ದಿದೆ ಎಂದರ್ಥ. ಅಲಾಯ್ ಚೌಕಟ್ಟು ಒಮ್ಮೆ ಹಾಗೆ ಬಾಗಿದರೆ ನೆಟ್ಟಗೆ ಮಾಡಲು ಬರುವುದಿಲ್ಲ. ಮಾತು ಮುಂದುವರಿಸದೆ ಎದ್ದು ಬನ್ನಿ. ಪೆಡಲ್ ಆಕ್ಸಲ್ ಇರುವ ಬುಡದ ವೆಲ್ಡಿಂಗು, ಸೀಟಿನ ಕ್ಲಾಂಪಿನ ಸುತ್ತ ಕೂದಲೆಳೆಯ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಕಾರ್ಬನ್ ಫೋರ್ಕಿನಲ್ಲಿ ಆಳದ ಗೀರು, ಬೆರಳಿನಿಂದ ತಟ್ಟಿದರೆ ಒಂದು ಕಡೆ ಮಾತ್ರ ಮಂದ ಸದ್ದು ಬಂದರೆ ಅನುಮಾನ ಪಡಿ. ಬಿದ್ದ ಕಾರ್ಬನ್ ಹೊರಗಿನಿಂದ ಚೆನ್ನಾಗಿ ಕಂಡು ಒಳಗೆ ಬಿಟ್ಟಿರುತ್ತದೆ, ಮುರಿಯುವಾಗ ಮುನ್ಸೂಚನೆ ಕೊಡದು.

ಸೀಟಿನ ಬೋಲ್ಟ್ ಸಡಿಲಿಸಿ ಕಂಬವನ್ನು ಮೇಲೆ ಕೆಳಗೆ ಮಾಡಿ. ಅಲಾಯ್ ಕಂಬ ಅಲಾಯ್ ಚೌಕಟ್ಟಿನಲ್ಲಿ ಗ್ರೀಸಿಲ್ಲದೆ ವರ್ಷಗಟ್ಟಲೆ ಕೂತರೆ ಬೆಸೆದಂತೆ ಹಿಡಿದುಬಿಡುತ್ತದೆ. ಅಲ್ಲಾಡದಿದ್ದರೆ ಆ ಸೈಕಲ್ ನಿಮ್ಮ ಎತ್ತರಕ್ಕೆ ಎಂದೂ ಹೊಂದದು. ನೋಡಲು ಚಿಕ್ಕ ವಿಷಯ, ಆದರೆ ಸೌದಾ ಮುರಿಯಲು ಇದೊಂದೇ ಸಾಕು.

ಚೈನಿಗೆ ಸ್ಟೀಲ್ ಟೇಪು. ಒಂದು ಪಿನ್ನಿನ ನಡುವೆ 0 ಇಟ್ಟರೆ 12 ಇಂಚಿನ ಗೆರೆ ಇನ್ನೊಂದು ಪಿನ್ನಿನ ನಡುವೆಯೇ ಬೀಳಬೇಕು. ಆ ಪಿನ್ನು ಗೆರೆಯಿಂದ ಒಂದು ಇಂಚಿನ ಹದಿನಾರರಲ್ಲಿ ಒಂದು ಭಾಗ ಮುಂದೆ ಹೋಗಿದ್ದರೆ ಚೈನ್ ಬದಲಿಸಬೇಕು. ಎಂಟರಲ್ಲಿ ಒಂದು ಭಾಗ ಹೋಗಿದ್ದರೆ ಕ್ಯಾಸೆಟ್ಟಿನ ಹಲ್ಲೂ ಮುಗಿದಿವೆ. ಹೊಸ ಚೈನ್ ಹಾಕಿದರೆ ಹಳೆ ಹಲ್ಲಿನ ಮೇಲೆ ಜಾರುತ್ತದೆ. ಎರಡೂ ಸೇರಿ ಎರಡೂವರೆಯಿಂದ ಮೂರೂವರೆ ಸಾವಿರದ ಖರ್ಚು, ಅದನ್ನು ಬೆಲೆಯಲ್ಲಿ ಇಳಿಸಿ.

ಗಾಲಿ ಎತ್ತಿ ತಿರುಗಿಸಿ, ಬ್ರೇಕ್ ರಬ್ಬರಿನ ಸಂದಿಯನ್ನೇ ನೋಡುತ್ತಿರಿ. ಒಂದೆರಡು ಮಿ.ಮೀ ಓಲಾಟ ಇದ್ದರೆ ಸ್ಪೋಕ್ ಬಿಗಿದು ಬೆಂಡ್ ತೆಗೆಯಬಹುದು. ಒಂದೇ ಕಡೆ ಜಿಗಿಯುವಂತೆ ಮೇಲೆ-ಕೆಳಗೆ ಆಗುತ್ತಿದ್ದರೆ ರಿಮ್ಮು ತಗ್ಗಿನಲ್ಲಿ ಬಡಿದು ಚಪ್ಪಟೆಯಾಗಿದೆ. ರಿಮ್ಮಿನ ಬ್ರೇಕ್ ಹಿಡಿಯುವ ಅಂಚಿನ ಮೇಲೆ ಉಗುರು ಆಡಿಸಿ. ಒಳಕ್ಕೆ ಗುಳಿ ಬಿದ್ದಿದ್ದರೆ ಆಯುಷ್ಯ ಮುಗಿಯಿತು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ-ಮುಂದೆ ಜಗ್ಗಿ, ಹ್ಯಾಂಡಲಿನ ಬುಡದಲ್ಲಿ ಟಕ್ ಎಂದರೆ ಅಲ್ಲಿ ಸಡಿಲವಿದೆ. ಮುಂದಿನ ಗಾಲಿ ಎತ್ತಿ ಹ್ಯಾಂಡಲನ್ನು ನಿಧಾನ ತಿರುಗಿಸಿದಾಗ ನೆಟ್ಟಗಿನ ಜಾಗದಲ್ಲಿ ಸಿಕ್ಕಿಕೊಂಡಂತಾದರೆ ಬೇರಿಂಗಿನ ಬಟ್ಟಲು ಹಳ್ಳ ಬಿದ್ದಿದೆ. ಎರಡೂ ಪೆಡಲ್ ತೋಳನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ಅಲ್ಲೂ ಸಡಿಲ ಇರಬಾರದು.

ಗೇರಿನ ಲಿವರನ್ನು ಎಲ್ಲ 9 ಹಲ್ಲಿಗೂ ಏರಿಸಿ ಇಳಿಸಿ. ಒತ್ತಿದರೂ ಕ್ಲಿಕ್ ಆಗದೆ ಖಾಲಿ ಹೋದರೆ ಎರಡು ಕಾರಣ ಇರಬಹುದು. ಒಳಗಿನ ಗ್ರೀಸು ಗಟ್ಟಿಯಾಗಿದ್ದರೆ ತೆಳು ಎಣ್ಣೆ ಸಿಂಪಡಿಸಿ ನೂರಾರು ಸಲ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಕೇಬಲಿನ ತುದಿ ಎಳೆ ಬಿಚ್ಚಿ ಲಿವರಿನೊಳಗೆ ಸಿಕ್ಕಿದ್ದರೆ ಚಿಮ್ಮಟದ ಕೆಲಸ. ನಿಮ್ಮೆದುರಿಗೆ ಸರಿಯಾಗದಿದ್ದರೆ ಲಿವರ್ ಹೋಗಿದೆ ಎಂದೇ ಲೆಕ್ಕ ಹಾಕಿ. ಸೈಕಲ್ಲಿನ ತುಟ್ಟಿ ಭಾಗಗಳಲ್ಲಿ ಅದೂ ಒಂದು. ಹಿಂದಿನಿಂದ ನಿಂತು ನೋಡಿದಾಗ ಡಿರೈಲರಿನ (ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಭಾಗ) ಎರಡು ಪುಟ್ಟ ಚಕ್ರ ಮೇಲಿನ ಹಲ್ಲಿನ ನೇರಕ್ಕೆ ಇರಬೇಕು. ಓರೆ ಇದ್ದರೆ ಡಿರೈಲರನ್ನು ಚೌಕಟ್ಟಿಗೆ ಹಿಡಿದಿರುವ ತುಂಡು, ಅಂದರೆ ಹ್ಯಾಂಗರ್, ಬಾಗಿದೆ. ಅದು ಬೇಕೆಂದೇ ಮೆತ್ತಗೆ ಮಾಡಿದ ಭಾಗ, ಬದಲಿಸಬಹುದು, ಆದರೆ ಮಾಡೆಲ್ಲಿಗೊಂದು ಆಕಾರ.

ಟಾಯರಿನ ಪಕ್ಕೆಯಲ್ಲಿ ಬಿರುಕು ಇದ್ದರೆ ಜೋಡಿಗೆ ಎರಡೂವರೆ ಮೂರು ಸಾವಿರ ಹಿಡಿಯಿರಿ. ಕೊನೆಗೆ ಸೈಕಲ್ ತಲೆಕೆಳಗು ಮಾಡಿ ಪೆಡಲ್ ಬುಡದ ಕೆಳಗಿರುವ ನಂಬರು ಓದಿ, ಬಿಲ್ಲಿನ ನಂಬರಿಗೆ ಹೊಂದಿಸಿ ನೋಡಿ. ಬಿಲ್ಲಿಲ್ಲದಿದ್ದರೆ ಮಾರುವವರ ಗುರುತಿನ ಚೀಟಿಯ ನಕಲಿನ ಮೇಲೆ ನಂಬರು ಬರೆಸಿ ಸಹಿ ಮಾಡಿಸಿಕೊಳ್ಳಿ, ರೊಕ್ಕ ಖಾತೆಗೇ ಹಾಕಿ. ಕದ್ದ ಮಾಲಾಗಿದ್ದರೆ ಇಲ್ಲೇ ಹಿಂಜರಿಕೆ ಕಾಣುತ್ತದೆ.

ಮೇಲಿನದೆಲ್ಲ ಸರಿ ಇದ್ದು ಚೈನು, ಕೇಬಲು, ಟಾಯರು ಮಾತ್ರ ಸವೆದಿದ್ದರೆ 19–20 ಸಾವಿರಕ್ಕೆ ಕೇಳಿ. ತರಲು ರೈಲು ಆದೀತು: ಪೆಡಲ್ ಬಿಚ್ಚಿ, ಹ್ಯಾಂಡಲ್ ಅಡ್ಡ ತಿರುಗಿಸಿ, ಡಿರೈಲರಿಗೆ ರಟ್ಟು ಸುತ್ತಿ ಲಗೇಜ್ ಬುಕ್ ಮಾಡಿ. ಬಸ್ಸಿನ ಮೇಲೆ ಕಟ್ಟುವುದಾದರೆ ಡಿರೈಲರ್ ಇರುವ ಬಲಗಡೆ ಮೇಲಕ್ಕೆ ಇರಲಿ.

ಪ್ರಶ್ನೆ: ನನ್ನ ಎತ್ತರ 5 ಅಡಿ 1 ಇಂಚು. ಅಂಗಡಿಯವರು 'ಎಲ್ಲರಿಗೂ ಇದೇ ಸೈಜ್ ಮೇಡಂ, ಸೀಟ್ ಇಳಿಸಿ ಕೊಡ್ತೀವಿ' ಎನ್ನುತ್ತಾರೆ. ಆನ್‌ಲೈನಿನಲ್ಲಿ ತರಿಸಲೇ?
— ಶಿಕ್ಷಕಿ, ಯಾದಗಿರಿ

ಉತ್ತರ: ಸೀಟು ಇಳಿಸಿದರೆ ಕಾಲು ನೆಲ ಮುಟ್ಟುತ್ತದೆ, ಆದರೆ ಹ್ಯಾಂಡಲ್ ದೂರವೇ ಉಳಿಯುತ್ತದೆ. ದೊಡ್ಡ ಸೈಕಲ್ಲಿನಲ್ಲಿ ಕುತ್ತಿಗೆ, ಭುಜ, ಅಂಗೈ ನೋಯುವುದು ಇದೇ ಕಾರಣಕ್ಕೆ. ಹ್ಯಾಂಡಲ್ ಹಿಡಿದಿರುವ ಸ್ಟೆಮ್ ಬದಲಿಸಿ ಎರಡು ಸೆಂ.ಮೀ ಹತ್ತಿರ ತರಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಆ ಸೈಕಲ್ ನಿಮ್ಮದಲ್ಲ.

ಮನೆಯಲ್ಲೇ ಅಳೆದುಕೊಳ್ಳಿ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು, ಪಾದಗಳ ನಡುವೆ ಗೇಣಷ್ಟು ಅಂತರ ಬಿಟ್ಟು ನಿಲ್ಲಿ. ಶಹಾಬಾದ್ ಕಲ್ಲಿನ ನೆಲವಾದರೆ ಏರುತಗ್ಗಿಲ್ಲದ ಕಲ್ಲಿನ ಮೇಲೇ ಇರಲಿ. ದಪ್ಪ ರಟ್ಟಿನ ಪುಸ್ತಕವೊಂದರ ಬೆನ್ನನ್ನು ಕಾಲುಗಳ ನಡುವೆ ಸೀಟಿನ ಹಾಗೆ ಗಟ್ಟಿಯಾಗಿ ಮೇಲಕ್ಕೆ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಅಳೆಯಲು ಮನೆಯವರಿಗೆ ಹೇಳಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. 72 ಸೆಂ.ಮೀ ಬಂತು ಎನ್ನೋಣ. ಅದನ್ನು 0.883ರಿಂದ ಗುಣಿಸಿದರೆ 63.6 ಸೆಂ.ಮೀ: ಎರಡೂ ಪೆಡಲ್ ತೋಳು ಕೂಡುವ ಬುಡದ ಆಕ್ಸಲಿನ ನಡುವಿನಿಂದ ಸೀಟಿನ ಮೇಲ್ಮೈವರೆಗೆ ಇರಬೇಕಾದ ಎತ್ತರ. ಟೂರ್ ದ ಫ್ರಾನ್ಸ್ ಮೂರು ಸಲ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಅವರಿಂದ ಹೆಸರಾದ ಲೆಕ್ಕವಿದು. ಆರಂಭಕ್ಕೆ ಒಳ್ಳೆಯದು, ಆಮೇಲೆ ಅರ್ಧ ಸೆಂ.ಮೀ ಆಚೀಚೆ ಮಾಡಿಕೊಳ್ಳಿ. 0.65ರಿಂದ ಗುಣಿಸಿದರೆ ಸುಮಾರು 47, ಅದು ಹಳೆಯ ಮಾದರಿಯ ಚೌಕಟ್ಟಿನ ಸೈಜು. ಈಗಿನ ಚೌಕಟ್ಟುಗಳ ಮೇಲ್ಕೊಳವೆ ಹಿಂದಕ್ಕೆ ಇಳಿಜಾರಾಗಿರುವುದರಿಂದ ಒಂದು ಕಂಪನಿಯ ಎಸ್ ಇನ್ನೊಂದರ ಎಕ್ಸ್‌ಎಸ್ ಆಗಬಹುದು. ಅಕ್ಷರ ನಂಬದೆ ಕಂಪನಿಯ ಪಟ್ಟಿಯಲ್ಲಿ 'ರೀಚ್' (ಹ್ಯಾಂಡಲ್ ಕಡೆಗೆ ಚೌಕಟ್ಟು ಎಷ್ಟು ಉದ್ದ), 'ಸ್ಟ್ಯಾಂಡ್‌ಓವರ್' (ನೆಲದಿಂದ ಮೇಲ್ಕೊಳವೆ ಎಷ್ಟು ಎತ್ತರ) ಎಂಬ ಎರಡು ಸಾಲು ಓದಿ. ಸ್ಟ್ಯಾಂಡ್‌ಓವರ್ ನಿಮ್ಮ 72ಕ್ಕಿಂತ ಎರಡು ಮೂರು ಸೆಂ.ಮೀ ಕಡಿಮೆ ಇರಬೇಕು.

ಚಿಕ್ಕ ಚೌಕಟ್ಟಿನ ಒಂದು ಕೊರತೆಯನ್ನೂ ಹೇಳಬೇಕು. ಗಾಲಿ ಮಾತ್ರ ಅದೇ ದೊಡ್ಡದಿರುವುದರಿಂದ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಮುಂಗಾಲು ಮುಂದಿನ ಗಾಲಿಗೆ ತಾಗಬಹುದು. ವೇಗದಲ್ಲಿ ಅಷ್ಟು ತಿರುಗಿಸುವುದಿಲ್ಲ, ಸಂದಿಗೊಂದಿಯಲ್ಲಿ ಹೊರಳಿಸುವಾಗ ಎಚ್ಚರ ಇರಲಿ. ಕೈ ಚಿಕ್ಕದಿದ್ದರೆ ಬ್ರೇಕ್ ಲಿವರನ್ನು ಹತ್ತಿರ ತರುವ ಪುಟ್ಟ ಸ್ಕ್ರೂ ಅಥವಾ ರಬ್ಬರ್ ಬಿಲ್ಲೆ ಇರುತ್ತದೆ, ಕೇಳಿ ಹಾಕಿಸಿಕೊಳ್ಳಿ. ಆನ್‌ಲೈನಿನಲ್ಲಿ ತರಿಸುವ ಮೊದಲು ಕಲಬುರಗಿಗೋ ಹೈದರಾಬಾದಿಗೋ ಹೋದಾಗ ಅದೇ ಸೈಜಿನ ಯಾವುದಾದರೂ ರೋಡ್ ಬೈಕ್ ಮೇಲೆ ಒಮ್ಮೆ ಕೂತು ನೋಡಿ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡೆ. ವಾರಕ್ಕೆ ಎರಡು ಪಂಚರ್. ಜಾಲಿ ಮುಳ್ಳು, ನೆಗ್ಗಿಲ ಮುಳ್ಳು ಬಿಡವು. ಮೇಲಾಗಿ ಊರಿನ ಪಂಚರ್ ಅಂಗಡಿಯವರು 'ಈ ಸಣ್ಣ ವಾಲ್ವಿಗೆ ನಮ್ಮ ಹತ್ತಿರ ಹವಾ ಹೊಡಿಯಾಕ ಬರಂಗಿಲ್ಲ' ಎಂದರು. ಏನು ಮಾಡಲಿ?
— ಓದುಗ, ಶಹಾಪುರ

ಉತ್ತರ: ವಾಲ್ವಿನ ಗೋಳು 50 ರೂಪಾಯಿಯಲ್ಲಿ ಮುಗಿಯುತ್ತದೆ. ನಿಮ್ಮದು ಪ್ರೆಸ್ಟಾ ವಾಲ್ವು. ಸ್ಕೂಟರ್ ವಾಲ್ವಿನ ದಪ್ಪಕ್ಕೆ ತರುವ ಹಿತ್ತಾಳೆಯ ಅಡಾಪ್ಟರ್ ಸಿಗುತ್ತದೆ, ಎರಡು ತಗೊಂಡು ಒಂದನ್ನು ವಾಲ್ವಿನ ಮೇಲೇ ಬಿಡಿ. ಹವಾ ಹೊಡೆಯುವ ಮೊದಲು ತುದಿಯ ಪುಟ್ಟ ನಟ್ಟು ಸಡಿಲಿಸಿ ಒಮ್ಮೆ ಒತ್ತಿ ಬಿಡಬೇಕು, ಇಲ್ಲದಿದ್ದರೆ ಹವಾ ಒಳಗೆ ಹೋಗದು. ಕಂಪ್ರೆಸರಿಗೆ ಹಚ್ಚುವಾಗ ಜೋಕೆ: ಈ ಟ್ಯೂಬಿನೊಳಗೆ ಹಿಡಿಯುವ ಹವಾ ಬಹಳ ಕಡಿಮೆ, ಎರಡು ಸೆಕೆಂಡಿನಲ್ಲಿ ತುಂಬಿ ಸಿಡಿಯಬಹುದು.

ಟ್ಯೂಬು ಕೇಳುವಾಗ '28 ಇಂಚು' ಎನ್ನಬೇಡಿ. ಹಾಲು ಹಾಕುವವರ ಹಳೆಯ ಕರಿ ಸೈಕಲ್ಲಿನ 28 ಇಂಚಿನ ರಿಮ್ಮಿನ ಅಳತೆ 635 ಮಿ.ಮೀ, ರೋಡ್ ಬೈಕಿನದು 622. ಟಾಯರು ಅದಲುಬದಲು ಕೂಡುವುದೇ ಇಲ್ಲ, ಟ್ಯೂಬು ದೊಡ್ಡದಾಗಿ ಮಡಿಚಿಕೊಂಡು ಮಡಿಕೆಯಲ್ಲೇ ಹರಿಯುತ್ತದೆ. '700, 25ರಿಂದ 32' ಎಂದು ಬರೆದದ್ದನ್ನೇ ಕೇಳಿ.

ಪಂಚರಿಗೆ ಕಾರಣ ತೂತೇ ಹೇಳುತ್ತದೆ. ಹೊರಮೈಯಲ್ಲಿ ಒಂದೇ ಸೂಜಿತೂತು ಇದ್ದರೆ ಮುಳ್ಳು. ಪಕ್ಕಪಕ್ಕ ಎರಡು ಸೀಳು ಇದ್ದರೆ ಹವಾ ಕಡಿಮೆ ಇದ್ದು ತಗ್ಗಿನಲ್ಲಿ ರಿಮ್ಮು ಟ್ಯೂಬನ್ನು ಕಚ್ಚಿದೆ. ಒಳಮೈಯಲ್ಲಿ ತೂತು ಇದ್ದರೆ ರಿಮ್ಮಿನ ಪಟ್ಟಿ ಸರಿದು ಸ್ಪೋಕಿನ ತೂತು ಹೊರಬಿದ್ದಿದೆ. ವಾಲ್ವಿನ ಬುಡ ಹರಿದಿದ್ದರೆ ಪಂಪ್ ಓರೆ ಜಗ್ಗಿದ್ದೀರಿ. ಮುಳ್ಳಿನ ಪಂಚರಿನಲ್ಲಿ ಜನ ಟ್ಯೂಬು ತಿದ್ದಿ ಮುಳ್ಳು ತೆಗೆಯುವುದನ್ನೇ ಮರೆಯುತ್ತಾರೆ. ನೆಗ್ಗಿಲ ಮುಳ್ಳಿನ ತುದಿ ಟಾಯರಿನೊಳಗೆ ಮುರಿದು ಕೂತಿರುತ್ತದೆ, ಮತ್ತೆ ಮೂರು ದಿನಕ್ಕೆ ಅದೇ ಜಾಗದಲ್ಲಿ ಹವಾ ಇಳಿಯುತ್ತದೆ. ಹತ್ತಿ ಉಂಡೆಯನ್ನು ಟಾಯರಿನ ಒಳಗೆ ಸುತ್ತಲೂ ಆಡಿಸಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲೇ ಮುಳ್ಳು. ಚಿಮ್ಮಟದಿಂದ ಕಿತ್ತು ತೆಗೆಯಿರಿ. ಅಂಟು ಹಚ್ಚಿದ ಕೂಡಲೇ ಪ್ಯಾಚು ಒತ್ತಬೇಡಿ, ಐದು ನಿಮಿಷ ಒಣಗಿ ಹೊಳಪು ಹೋಗಲಿ.

ಮುಂದಿನ ಸಲ ಟಾಯರ್ ಬದಲಿಸುವಾಗ 28 ಅಥವಾ 32ರದು, ಒಳಗೆ ಪಂಚರ್ ತಡೆಯುವ ಪಟ್ಟಿ ಇರುವುದು ತಗೊಳ್ಳಿ. ಸ್ವಲ್ಪ ಭಾರ, ಸ್ವಲ್ಪ ನಿಧಾನ; ನಮ್ಮ ಕಡೆಯ ಮುಳ್ಳಿಗೆ ಆ ಸೌದಾ ಒಳ್ಳೆಯದೇ. 65 ಕಿಲೋದವರಿಗೆ 28ರ ಟಾಯರಿನಲ್ಲಿ ಮುಂದೆ 65, ಹಿಂದೆ 75 ಪಿಎಸ್‌ಐ. 32ರದರಲ್ಲಿ ಮುಂದೆ 52, ಹಿಂದೆ 62. ಟಾಯರಿನ ಪಕ್ಕೆಯ ಮೇಲೆ ಬರೆದ ಗರಿಷ್ಠ ಅಂಕಿ ದಾಟಬೇಡಿ. ಬೇಸಿಗೆಯಲ್ಲಿ ಬೆಳಗಿನ ತಂಪಿನಲ್ಲಿ 80 ತುಂಬಿಸಿ ಮಧ್ಯಾಹ್ನ ಬಿಸಿಲಿಗೆ ನಿಲ್ಲಿಸಿದರೆ, ಒಳಗಿನ ಹವಾ 25ರಿಂದ 55 ಡಿಗ್ರಿಗೆ ಕಾದಾಗ ಒತ್ತಡ ಸುಮಾರು 90ಕ್ಕೆ ಏರುತ್ತದೆ. ಹೊಸ ಟಾಯರ್ ತಡೆಯುತ್ತದೆ, ಹಳೆ ಪ್ಯಾಚು ತಡೆಯದು. ನೆರಳಿಗೆ ನಿಲ್ಲಿಸಿ. ತೊಗರಿ ರಾಶಿಯ ಕಾಲಕ್ಕೆ ರಸ್ತೆ ಮೇಲೆ ಹಾಸಿದ ಕಟಿಗೆಯ ಮೇಲೆ ಹತ್ತಿಸದೆ ಇಳಿದು ದಾಟುವುದು ಲೇಸು. ಚೂಪಾದ ಕೂಳೆಯ ತುದಿ ಮುಳ್ಳಿಗಿಂತ ಕೆಟ್ಟದ್ದು, ಡಿರೈಲರಿನೊಳಗೆ ಸಿಕ್ಕರೆ ಹ್ಯಾಂಗರನ್ನೇ ಮುರಿಯುತ್ತದೆ.

ಪ್ರಶ್ನೆ: ರೋಡ್ ಬೈಕೇ ಬೇಕಾ? ನೆಟ್ಟನೆ ಹ್ಯಾಂಡಲಿನ ಹೈಬ್ರಿಡ್ ಸಾಲದಾ? ಅದರಲ್ಲಿ ಮುಂದೆ ಶಾಕಪ್ ಕೂಡ ಬರುತ್ತದೆ.
— ಓದುಗ, ಹುಮನಾಬಾದ್

ಉತ್ತರ: ದಿನಕ್ಕೆ ಹತ್ತು ಕಿ.ಮೀ ಕಚೇರಿಗೆ ಹೋಗಿಬರಲು ಹೈಬ್ರಿಡ್ ಸಾಕು, ಅಗ್ಗವೂ ಹೌದು. ಆದರೆ ಶಾಕಪ್ ಇಲ್ಲದ್ದು ತಗೊಳ್ಳಿ. ಕಡಿಮೆ ಬೆಲೆಯ ಶಾಕಪ್ ಫೋರ್ಕು ಎರಡು ಕಿಲೋಗಿಂತ ಭಾರ, ಧೂಳು ಹೊಕ್ಕು ಎರಡು ವರ್ಷಕ್ಕೆ ಹಿಡಿದುಕೊಳ್ಳುತ್ತದೆ. ಡಾಂಬರಿನ ಮೇಲೆ ದಪ್ಪ ಟಾಯರೇ ಅದರ ಕೆಲಸ ಮಾಡುತ್ತದೆ. ಬಾಗಿದ ಹ್ಯಾಂಡಲಿನ ಬೆಲೆ ತಿಳಿಯುವುದು ಐವತ್ತು ಕಿ.ಮೀ ದಾಟಿದ ಮೇಲೆ, ಅದಕ್ಕೂ ಹೆಚ್ಚಾಗಿ ಆಷಾಢದ ಗಾಳಿಯಲ್ಲಿ. ಕಲಬುರಗಿಯಿಂದ ಮಳಖೇಡಕ್ಕೆ ಹೋಗುವಾಗ ಪಡುವಣ ಗಾಳಿ ಬೆನ್ನಿಗೆ, ಬರುವಾಗ ಎದೆಗೆ. ಆಗ ಕೆಳಗಿನ ಬಾಗಿಗೆ ಕೈ ಇಳಿಸಿ ಬಗ್ಗಿದವರಿಗೂ ನೆಟ್ಟಗೆ ಕೂತವರಿಗೂ ಬಹಳ ಫರಕು.

ಪ್ರಶ್ನೆ: ಮಳೆಗಾಲದಲ್ಲಿ ಹೊಲದ ದಾರಿಯಲ್ಲಿ ಸ್ವಲ್ಪ ದೂರ ಹೋಗಬೇಕು. ಆಗಲಾದರೂ ಡಿಸ್ಕ್ ಬೇಕಲ್ಲವೇ?
— ಓದುಗ, ಜೇವರ್ಗಿ ತಾಲ್ಲೂಕು

ಉತ್ತರ: ಎರೆ ಮಣ್ಣು ಹಸಿ ಇದ್ದಾಗ ಯಾವ ರೋಡ್ ಬೈಕೂ ಹೋಗದು. ರಿಮ್ ಬ್ರೇಕಿನದರಲ್ಲಿ ಬ್ರೇಕಿನ ಸಂದಿಗೆ ಮೆತ್ತಿ ಗಾಲಿ ನಿಲ್ಲುತ್ತದೆ, ಡಿಸ್ಕಿನದರಲ್ಲಿ ಇನ್ನೊಂದಿಷ್ಟು ಮುಂದೆ ಹೋಗಿ ಫೋರ್ಕಿಗೆ ಮೆತ್ತಿ ನಿಲ್ಲುತ್ತದೆ. ಹೊತ್ತುಕೊಂಡು ಡಾಂಬರಿಗೆ ಬನ್ನಿ. ಮಣ್ಣು ಒಣಗುವ ಮೊದಲೇ ನೀರು ಸುರಿದು ತೊಳೆಯಿರಿ, ಆದರೆ ಸರ್ವಿಸ್ ಸ್ಟೇಷನ್ನಿನ ಜೋರು ಪೈಪನ್ನು ಹಬ್ಬಿಗೂ ಪೆಡಲ್ ಬುಡಕ್ಕೂ ಹಿಡಿಯಬೇಡಿ, ಒಳಗಿನ ಗ್ರೀಸು ಹೋಗುತ್ತದೆ. ಚೈನಿಗೆ ಸುಟ್ಟ ಇಂಜಿನ್ ಆಯಿಲ್ ಹಾಕುವ ರೂಢಿ ಬಿಡಿ. ಅದು ಕರಿಮಣ್ಣಿನ ಧೂಳಿನ ಜೊತೆ ಕಲೆತು ಅರೆಯುವ ಲೇಪದಂತೆ ಹಲ್ಲು ತಿನ್ನುತ್ತದೆ. ಚೈನ್ ಎಣ್ಣೆಯನ್ನು ಪ್ರತಿ ಕೊಂಡಿಯ ರೋಲರಿಗೆ ಒಂದೊಂದು ಹನಿ ಬಿಟ್ಟು, ಹತ್ತು ನಿಮಿಷದ ಮೇಲೆ ಹೊರಗಿನದನ್ನೆಲ್ಲ ಒರೆಸಿ ತೆಗೆಯಿರಿ.

ಪ್ರಶ್ನೆ: ಮಗನಿಗೆ 14 ವರ್ಷ, ರೇಸಿಗೆ ಹೋಗಬೇಕು ಅಂತಾನೆ. ಬೆಳೆಯುವ ಹುಡುಗ, ದೊಡ್ಡ ಸೈಜಿನದೇ ಕೊಡಿಸಿಬಿಡಲೇ?
— ತಂದೆ, ಸುರಪುರ

ಉತ್ತರ: ಬೇಡ. ಈಗ ಹೊಂದುವ ಸೈಜಿನ ಸೆಕೆಂಡ್ ಹ್ಯಾಂಡ್ ಕೊಡಿಸಿ, ಎರಡು ವರ್ಷಕ್ಕೆ ಮಾರಿ ದೊಡ್ಡದಕ್ಕೆ ಹೋಗಿ. ಕಡಿಮೆ ಸವೆದದ್ದಾದರೆ ಹೆಚ್ಚು ನಷ್ಟವಾಗದು. ಸೈಕ್ಲಿಂಗ್ ಪಟುಗಳಿಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆ ವಿಚಾರಿಸಿ. ಹುಡುಗರು ಬೆಳೆದು ಬಿಟ್ಟ ಚಿಕ್ಕ ಚೌಕಟ್ಟುಗಳು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು, ಕೋಚುಗಳ ಸಲಹೆಯೂ ದೊರೆಯುತ್ತದೆ.

ಪ್ರಶ್ನೆ: ಸೈಕಲ್ಲಿಗೆ ಜಿಎಸ್‌ಟಿ ಇಳಿದಿದೆ ಎಂದು ಕೇಳಿದೆ. ಅಂಗಡಿಯಲ್ಲಿ ಹಳೆ ಬೆಲೆಯೇ ಹೇಳುತ್ತಿದ್ದಾರೆ.
— ಓದುಗ, ಭಾಲ್ಕಿ

ಉತ್ತರ: 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಪಕ್ಕಾ ಬಿಲ್ ಕೇಳಿ, ಅದರಲ್ಲಿ ತೆರಿಗೆಯ ಸಾಲು ನೋಡಿ. ಬಿಲ್ಲಿಲ್ಲದೆ ಕಡಿಮೆಗೆ ಕೊಡುತ್ತೇವೆ ಎಂದರೆ ಒಪ್ಪಬೇಡಿ. ವಾರಂಟಿಗೂ, ಮುಂದೆ ಮಾರುವಾಗಲೂ ಬಿಲ್ಲೇ ಬೇಕು.

ಪ್ರಶ್ನೆ: ಡಬ್ಬಿಯಲ್ಲಿ ಬಂದ ಸೈಕಲ್ಲನ್ನು ಊರಿನ ಅಂಗಡಿಯಲ್ಲಿ ಜೋಡಿಸಿಸಿದೆ. ಎಡಗಡೆಯ ಪೆಡಲ್ ಎರಡೇ ದಿನಕ್ಕೆ ಕಳಚಿತು, ಹ್ಯಾಂಡಲ್ ಯಾಕೋ ಚಂಚಲ. ಗೇರೂ ಒಮ್ಮೊಮ್ಮೆ ಏರುವುದಿಲ್ಲ.
— ಓದುಗ, ಚಿತ್ತಾಪುರ

ಉತ್ತರ: ಎದುರಿನಿಂದ ನಿಂತು ನೋಡಿ: ಮುಂದಿನ ಬ್ರೇಕು ಫೋರ್ಕಿನ ಮುಂಬದಿಯಲ್ಲಿ ಇದೆಯೇ, ಹಿಂಬದಿಯಲ್ಲೇ? ಹಿಂದೆ ಇದ್ದರೆ ಫೋರ್ಕನ್ನೇ ತಿರುಗುಮುರುಗಾಗಿ ಹಾಕಿದ್ದಾರೆ. ಹ್ಯಾಂಡಲ್ ನಿಲ್ಲದಿರುವುದಕ್ಕೆ ಅದೇ ಕಾರಣ. ಸ್ಟೆಮ್ಮಿನ ಬೋಲ್ಟ್ ಸಡಿಲಿಸಿ ಫೋರ್ಕನ್ನು ಅರ್ಧ ಸುತ್ತು ತಿರುಗಿಸಿ ಮತ್ತೆ ಬಿಗಿಸಬೇಕು. ಮೇಲಿನ ಮುಚ್ಚಳದ ಬೋಲ್ಟು ಬೇರಿಂಗಿನ ಸಡಿಲ ತೆಗೆಯಲು ಮಾತ್ರ, ಮೊದಲು ಅದನ್ನು ಹದಕ್ಕೆ ತಂದು, ಆಮೇಲೆ ಪಕ್ಕದ ಎರಡು ಬೋಲ್ಟನ್ನು ಒಂದೊಂದಿಷ್ಟೇ ಸರದಿಯಂತೆ ಬಿಗಿಯಿರಿ. ಸಾಮಾನ್ಯವಾಗಿ 5 ನ್ಯೂಟನ್ ಮೀಟರ್ ಎಂದು ಅಲ್ಲೇ ಬರೆದಿರುತ್ತದೆ. ಉದ್ದ ಪಾನಾ ಹಚ್ಚಿ ಜೋರು ಮಾಡಿದರೆ ಮರೆ ಕಿತ್ತುಹೋಗುತ್ತದೆ.

ಹೊಸ ಕೇಬಲು ಮೊದಲ ನೂರಿನ್ನೂರು ಕಿ.ಮೀ.ಯಲ್ಲಿ ತುಸು ಸಡಿಲವಾಗುತ್ತದೆ, ಗೇರ್ ಏರದಿರುವುದಕ್ಕೆ ಅದೇ ಕಾರಣ. ಹಿಂದಿನ ಡಿರೈಲರಿಗೆ ಕೇಬಲ್ ಹೊಗುವಲ್ಲಿರುವ ಗುಂಡಿಯನ್ನು ಹಿಂದಿನಿಂದ ನೋಡುವಾಗ ಗಡಿಯಾರದ ಮುಳ್ಳಿಗೆ ವಿರುದ್ಧ ಕಾಲು ಸುತ್ತು ತಿರುಗಿಸಿ ನೋಡಿ, ಸಾಲದಿದ್ದರೆ ಇನ್ನು ಕಾಲು. ಎಚ್ ಮತ್ತು ಎಲ್ ಎಂದು ಬರೆದ ಸ್ಕ್ರೂಗಳಿಗೆ ಕೈ ಹಾಕಬೇಡಿ.

ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ, ಬಿಗಿಯಬೇಕಾದರೆ ಎಡಕ್ಕೇ ತಿರುಗಿಸಬೇಕು. ಬಲಗಡೆಯದನ್ನು ಎಡಕ್ಕೆ ಹಾಕಿ ಪಾನಾದಿಂದ ಒತ್ತಿದ್ದರೆ ತೋಳಿನ ಮರೆ ಹಾಳಾಗಿರುತ್ತದೆ. ಪೆಡಲ್ ಮೇಲೆ ಎಲ್, ಆರ್ ಗುರುತು ನೋಡಿ, ಗ್ರೀಸು ಹಚ್ಚಿ, ಮೊದಲ ನಾಲ್ಕು ಸುತ್ತು ಬೆರಳಿನಿಂದಲೇ ಕೂಡಿಸಿ. ಬೆರಳಿಗೆ ಒಗ್ಗದೆ ಓರೆ ಹೋಗುತ್ತಿದ್ದರೆ ಎಡಗಡೆಯ ತೋಳು ಬದಲಿಸಬೇಕು. ಜೋಡಿಸಿದ ಅಂಗಡಿಯವರಿಂದಲೇ ಹಾಕಿಸಿ.